ಕೆಲಸದಲ್ಲಿರುವ ಏಳನೇ ಹಾಳೆ

ಜಯಣ್ಣ ನಮ್ಮ ಗುಂಪಿಗೆ ಬಂದದ್ದು ಒಂದು ಗೋಣಿಚೀಲದ ಸಮೇತ. ಕಂಕನಾಡಿಯಲ್ಲಿರುವ ನನ್ನ ಹೋಟೆಲಿನ ಮೆಟ್ಟಿಲು ಹತ್ತಿ, ಚೀಲವನ್ನು ಮೇಜಿನ ಮೇಲಿಟ್ಟು, "ಹಳೇ ಸ್ಪೀಕರಿನ ಕಾಗದ ತೆಗೊಳ್ಳುವವರು ನೀವೇ ಅಲ್ವಾ? ಇದರಲ್ಲಿ ಸ್ವಲ್ಪ ಉಂಟು. ಗುಜರಿಗೆ ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ" ಎಂದರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ. ಚೀಲ ಬಿಚ್ಚುವಾಗ ನೋಡಿದೆ, ಹೆಬ್ಬೆರಳಿನ ಉಗುರಿನ ಸುತ್ತ ಅಂಟು ಒಣಗಿ ಬೆಳ್ಳಗಾಗಿತ್ತು. ಎಪ್ಪತ್ತರ ಹತ್ತಿರ ಬಂದ ಮನುಷ್ಯ ಇನ್ನೂ ಯಾರದೋ ಸ್ಪೀಕರ್ ರಿಪೇರಿ ಮಾಡುತ್ತಿದ್ದಾರೆ ಎಂದು ಗೊತ್ತಾಯಿತು.

ನಮ್ಮದು ಒಂದು ಹುಚ್ಚು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾಲದ ಸ್ಪೀಕರುಗಳ ಬಗ್ಗೆ ಅವುಗಳ ಕಂಪೆನಿಯವರೇ ಅಚ್ಚು ಹಾಕಿಸಿದ ಕೈಪಿಡಿ, ನಕ್ಷೆ, ಅಳತೆಯ ಪಟ್ಟಿ ಇವನ್ನೆಲ್ಲ ಹುಡುಕುತ್ತೇವೆ. ಒಣಗಿಸಿ, ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳುವಂತೆ ಜಾಲತಾಣಕ್ಕೆ ಹಾಕುತ್ತೇವೆ. ಪ್ರತಿ ಭಾನುವಾರ ಹೋಟೆಲಿನ ಮೇಲಿನ ಕೋಣೆಯಲ್ಲಿ ಈ ಕೆಲಸ. ಕೆಳಗಿನ ಗಿರಾಕಿಗಳು ನಾವು ಇಸ್ಪೀಟು ಆಡುತ್ತೇವೆ ಎಂದೇ ತಿಳಿದಿದ್ದಾರೆ. ಅಡುಗೆಮನೆಯ ಬಿಸಿ ನೇರ ಮೇಲಕ್ಕೆ ಬರುವುದರಿಂದ ಮಂಗಳೂರಿನ ಮಳೆಗಾಲದಲ್ಲೂ ಆ ಕೋಣೆಯಲ್ಲಿ ಕಾಗದ ಒಣಗುತ್ತದೆ. ನಮ್ಮಲ್ಲಿರುವ ಎಷ್ಟೋ ಇಂಗ್ಲಿಷ್ ಕೈಪಿಡಿಗಳಿಗೆ ಸಾಂಬಾರಿನ ವಾಸನೆ ಹತ್ತಿದೆ.

ಒಂದು ಪದ್ಧತಿಯನ್ನು ಮಾತ್ರ ನಾವು ಬಿಟ್ಟವರಲ್ಲ. ಯಾವುದಾದರೂ ಹಾಳೆ ಇಲ್ಲದಿದ್ದರೆ ಆ ಜಾಗದಲ್ಲಿ ಒಂದು ಖಾಲಿ ಹಾಳೆ ಸೇರಿಸಿ, ಯಾಕೆ ಇಲ್ಲ ಎಂದು ಅದರ ಮೇಲೆ ಬರೆಯುತ್ತೇವೆ. ಗೆದ್ದಲು ತಿಂದಿದೆ, ನೆರೆನೀರಲ್ಲಿ ಹೋಯಿತು, ಮನೆಯವರಿಗೆ ನೆನಪಿಲ್ಲ, ಹೀಗೆ. ಸುಳ್ಳು ಕಾರಣ ಬರೆಯುವಂತಿಲ್ಲ. ಹಾಳೆ ಹರಿದವರನ್ನು ಬೈಯುವುದೂ ನಮ್ಮಲ್ಲಿ ಪದ್ಧತಿಯೇ. ತಮೀಮ್ ಉಳ್ಳಾಲದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು, ಮಕ್ಕಳಿಗೆ ಒಂದು ಗಟ್ಟಿ ಮಾತು ಆಡಿ ಗೊತ್ತಿಲ್ಲ. ಹರಿದ ಹಾಳೆ ಕಂಡರೆ ಮಾತ್ರ ಅವನೂ "ಇದನ್ನು ಹರಿದವರ ಕೈ ಮುರೀಲಿ" ಎಂದುಬಿಡುತ್ತಾನೆ.

ಜಯಣ್ಣನ ಚೀಲದಲ್ಲಿ ವೆಲ್‌ಬರ್ನ್ ಎಂಬ ಕಂಪೆನಿಯ ಒಂದು ತೆಳ್ಳಗಿನ ಕೈಪಿಡಿ ಇತ್ತು. ಕಂಪೆನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಈ ಕೈಪಿಡಿಯ ಇನ್ನೊಂದು ಪ್ರತಿ ಜಗತ್ತಿನಲ್ಲಿ ಎಲ್ಲಿಯೂ ಇದ್ದ ಸುದ್ದಿ ನಮಗಿಲ್ಲ. ಸಂಭ್ರಮದಲ್ಲಿ ತಿರುವುತ್ತಾ ಹೋದರೆ ಏಳನೇ ಹಾಳೆಯೇ ಇಲ್ಲ. ಪರಿವಿಡಿಯ ಪ್ರಕಾರ ಅದರಲ್ಲಿದ್ದದ್ದು ಆ ಸ್ಪೀಕರನ್ನು ಕೂರಿಸುವ ಮರದ ಪೆಟ್ಟಿಗೆಯ ನಕ್ಷೆ. ಅಳತೆ ತಪ್ಪಿದ ಪೆಟ್ಟಿಗೆಯಲ್ಲಿ ಕೂರಿಸಿದರೆ ಎಂಥ ಒಳ್ಳೆಯ ಸ್ಪೀಕರೂ ಶೀತ ಹಿಡಿದವರ ಹಾಗೆ ಮಾತಾಡುತ್ತದೆ.

"ಅದು ಗೆದ್ದಲು ತಿಂದದ್ದು" ಎಂದರು ಜಯಣ್ಣ.

ಗೆದ್ದಲು ಒಂದೇ ಹಾಳೆಯನ್ನು, ಅದೂ ಮಡಿಕೆಯ ಗೆರೆ ಹಿಡಿದು ನೇರವಾಗಿ ತಿನ್ನುವುದನ್ನು ನಾನು ನೋಡಿದವನಲ್ಲ. ಆದರೂ ಹಾಗೆಯೇ ಬರೆದೆವು. ಕೈಪಿಡಿ ಜಾಲಕ್ಕೆ ಏರಿದ ಮೇಲೆ ಪೋರ್ಚುಗಲ್ ದೇಶದ ಒಬ್ಬ ಮುದಿ ಬಡಗಿ ಪತ್ರ ಬರೆದ. ಅವನ ತಂದೆ ಬಿಟ್ಟುಹೋದ ಎರಡು ವೆಲ್‌ಬರ್ನ್ ಸ್ಪೀಕರುಗಳಿದ್ದವಂತೆ, ಪೆಟ್ಟಿಗೆಗಳು ಹುಳ ಹಿಡಿದು ಪುಡಿಯಾಗಿದ್ದವಂತೆ. ಏಳನೇ ಹಾಳೆ ಎಲ್ಲಿಯಾದರೂ ಸಿಕ್ಕೀತೇ ಎಂದು ಕೇಳಿದ್ದ. ಆಮೇಲೆ ಆಗಾಗ ಕೇಳುತ್ತಲೇ ಇದ್ದ. ಆ ಪತ್ರಗಳನ್ನು ನಾನು ಓದಿ ಹೇಳುವಾಗ ಜಯಣ್ಣ ಕಿಟಕಿಯ ಕಡೆ ನೋಡುತ್ತಿದ್ದರು.

ಅವರ ಬದುಕೆಲ್ಲ ಸ್ಪೀಕರಿನ ಜೊತೆಗೇ ಕಳೆದದ್ದು. ತಂದೆ ಗೇಣಿ ಗದ್ದೆ ಉಳುತ್ತಿದ್ದವರು. ಗದ್ದೆಯ ಕೆಲಸ ಒಗ್ಗದೆ ಹುಡುಗ ಜಯ ಕಂಕನಾಡಿಯ ಒಂದು ರೇಡಿಯೋ ಅಂಗಡಿಗೆ ಸೇರಿದರು. ಅಂಗಡಿ ಮುಚ್ಚುವಾಗ ಯಜಮಾನರು ಒಂದು ವೆಲ್‌ಬರ್ನ್ ಸ್ಪೀಕರನ್ನೂ ಅದರ ಕೈಪಿಡಿಯನ್ನೂ ಕೈಗೆ ಕೊಟ್ಟು ಕಳಿಸಿದರಂತೆ. ಮುಂದೆ ‘ಜಯ ಸೌಂಡ್ಸ್’ ಆಯಿತು. ಮದುವೆ, ಯಕ್ಷಗಾನ, ಇಗರ್ಜಿಯ ಹಬ್ಬ, ಉಳ್ಳಾಲದ ಉರೂಸ್, ಎಲ್ಲಿಗೆ ಕರೆದರೂ ಹೋಗಿ ಕಂಬಕ್ಕೆ ತುತ್ತೂರಿಯಂಥ ಹಾರ್ನ್ ಕಟ್ಟಿದರು. ಎದೆ ನಡುಗಿಸುವ ಸ್ಪೀಕರ್ ಡಬ್ಬಗಳು ಲಾರಿಯಲ್ಲಿ ಬರತೊಡಗಿದ ಮೇಲೆ ಇವರ ಹಾರ್ನನ್ನು ಕೇಳುವವರಿಲ್ಲವಾದರು. ಅದಕ್ಕಾಗಿ ಗೊಣಗಿದ್ದನ್ನು ನಾನು ಕೇಳಿಲ್ಲ. ಕುಲಶೇಖರದ ಮನೆಯ ಜಗಲಿಯಲ್ಲಿ ರಿಪೇರಿ ಮಾಡಿಕೊಂಡಿದ್ದರು. ಹೆಂಡತಿ ಕುಶಲಾ ಬೀಡಿ ಕಟ್ಟುತ್ತಿದ್ದರು. ಮಗಳು ಅಶ್ಮಿತಾ ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ನರ್ಸ್.

ಕುಶಲಕ್ಕ ತೀರಿಕೊಂಡ ಮೇಲೂ ಜಯಣ್ಣ ಭಾನುವಾರ ತಪ್ಪಿಸಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು.

ಅದರ ಮರುವರ್ಷದ ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ಅಶ್ಮಿತಾ ಫೋನ್ ಮಾಡಿದಳು. "ಅಂಕಲ್, ಮನೆಯ ಸ್ಪೀಕರಲ್ಲಿ ಗುಂಯ್ ಅಂತ ಶಬ್ದ ಬರ್ತಾ ಉಂಟು. ಪಪ್ಪನಿಗೆ ಜ್ವರ, ಏಳ್ಲಿಕ್ಕೇ ಆಗುದಿಲ್ಲ. ಆದ್ರೂ ಅದನ್ನು ಸರಿ ಮಾಡ್ಬೇಕು ಅಂತ ಹಟ. ನೀವೊಮ್ಮೆ ಬಂದು ನೋಡ್ತೀರಾ?"

ಹೋದೆ. ಜಯಣ್ಣ ಮಾತ್ರೆ ತೆಗೆದುಕೊಂಡು ನಿದ್ದೆಹೋಗಿದ್ದರು. ಅಡುಗೆಮನೆಯ ಕಿಟಕಿಯ ಕೆಳಗೆ, ನಕ್ಷೆಯ ಅಳತೆ ನೋಡದೆ ಅಲ್ಲಿ ಇದ್ದಷ್ಟೇ ಜಾಗಕ್ಕೆ ಸರಿಯಾಗಿ ಹಲಸಿನ ಹಲಗೆಯಲ್ಲಿ ಹೊಡೆದ ಒಂದು ಪೆಟ್ಟಿಗೆ. ಕುಶಲಕ್ಕ ಬೀಡಿ ಕಟ್ಟುತ್ತಾ ಕುಳಿತುಕೊಳ್ಳುತ್ತಿದ್ದದ್ದು ಅದರ ಎದುರಿಗೇ. ಹಿಂದಿನ ಹಲಗೆ ಕಳಚಿ ಟಾರ್ಚ್ ಬಿಟ್ಟೆ. ಸಡಿಲವಾದ ವಯರು ಕೂಡಲೇ ಸಿಕ್ಕಿತು. ಅದರ ಜೊತೆಗೆ ಇನ್ನೊಂದೂ ಕಣ್ಣಿಗೆ ಬಿತ್ತು. ಸ್ಪೀಕರಿನ ಮುಖ ಎಂದರೆ ಬಟ್ಟಲಿನ ಆಕಾರದ ಕಪ್ಪು ಕಾಗದ, ಕೋನ್ ಎನ್ನುತ್ತೇವೆ. ಅದರ ಬೆನ್ನಿಗೆ ಅಂಗೈಗಿಂತ ದೊಡ್ಡದಾದ ಒಂದು ತೇಪೆ. ತೇಪೆಯ ಮೇಲೆ ಇಂಗ್ಲಿಷ್ ಅಚ್ಚು, ಮೂಲೆಯಲ್ಲಿ ವೆಲ್‌ಬರ್ನ್ ಎಂಬ ಹೆಸರು, ಕೆಳಗೆ ಏಳು ಎಂಬ ಅಂಕಿ. ನಕ್ಷೆ ಇರುವ ಬದಿ ಕೋನಿಗೆ ಅಂಟಿಹೋಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಜ್ವರದ ಮನುಷ್ಯ ಎಂದೂ ನೋಡದೆ ಒಳಗೆ ಹೋಗಿ ಎಬ್ಬಿಸಿದೆ.

"ಜಯಣ್ಣ, ಗೆದ್ದಲು ತಿಂದದ್ದು ಅಂತ ಬರೆಸಿದ್ರಲ್ಲ ಮಾರಾಯ್ರೆ! ಅಲ್ಲಿ ಒಬ್ಬ ಅಷ್ಟು ಸಲ ಪತ್ರ ಬರೀತಾ ಇದ್ದಾನೆ, ಇಲ್ಲಿ ನಿಮ್ಮ ಅಡುಗೆಮನೆಯಲ್ಲೇ ಉಂಟು!"

ಅವರು ದಿಂಬಿಗೆ ಒರಗಿ ಕುಳಿತರು. "ನೋಡಿದ್ರಾ?" ಎಂದರು. ಆಮೇಲೆ ನಿಧಾನಕ್ಕೆ ಹೇಳಿದರು.

ಅಶ್ಮಿತಾ ಕೈಗೂಸಾಗಿದ್ದಾಗಿನ ಮಾತು. ಮಳೆಗಾಲದಲ್ಲಿ ಇಲಿ ಕೋನನ್ನು ಕಡಿದು ತೂತು ಮಾಡಿತ್ತು. ಗಂಡ ಕಾರ್ಯಕ್ರಮಗಳ ಬೆನ್ನುಹತ್ತಿ ಊರೂರು ತಿರುಗುವಾಗ ಕುಶಲಕ್ಕನಿಗೆ ಮನೆಯಲ್ಲಿ ಜೊತೆ ಎಂದರೆ ಮಗು ಮತ್ತು ಈ ಸ್ಪೀಕರಿನಲ್ಲಿ ಕೇಳುವ ರೇಡಿಯೋ. ಒಂದು ಗಟ್ಟಿ ಕಾಗದ ತಾ ಎಂದು ಜಯಣ್ಣ ಹೇಳಿದಾಗ, ಕಪಾಟಿನಲ್ಲಿ ಕೈಗೆ ಸಿಕ್ಕಿದ ಪುಸ್ತಕದಿಂದ ಒಂದು ಹಾಳೆ ಹರಿದು ತಂದಿದ್ದರು. ಮೈದಾ ಕುದಿಸಿ, ಹುಳ ಬೀಳದಿರಲಿ ಎಂದು ಚಿಟಿಕೆ ನೀಲಿ ಮೈಲುತುತ್ತ ಬೆರೆಸಿ ಅಂಟು ಮಾಡಿದ್ದೂ ಅವರೇ, ತೇಪೆ ಒಣಗುವವರೆಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದದ್ದೂ ಅವರೇ.

"ಅವಳಿಗೆ ಅದು ಬರೀ ಕಾಗದ. ಆಗ ನನಗೂ ಅಷ್ಟೇ" ಎಂದರು ಜಯಣ್ಣ. "ನಿಮ್ಮ ಗುಂಪಿಗೆ ಬಂದ ದಿನ ನಿಮ್ಮ ಮುಖ ನೋಡಿಯೇ ಬೆಲೆ ಗೊತ್ತಾದದ್ದು. ಒಮ್ಮೆ ತಮೀಮ್ ಇಲ್ಲಿಗೆ ಬಂದು ಅದೇ ಪುಸ್ತಕ ಹಿಡ್ಕೊಂಡು ಹರಿದವರ ಕೈ ಮುರೀಲಿ ಅಂದ. ಅವಳು ಚಹಾ ಇಟ್ಟು ಒಳಗೆ ಹೋದಳು. ಅವ ಹೋದ ಮೇಲೆ ಕೇಳಿದಳು, ನಾನು ಅಷ್ಟು ದೊಡ್ಡ ತಪ್ಪು ಮಾಡಿದ್ನಾ ಅಂತ. ಇಲ್ಲ, ಗೆದ್ದಲಿನ ಹೆಸರಲ್ಲಿ ಬರೆಸಿದ್ದೇನೆ ಅಂದೆ. ಇನ್ನೆಂತ ಹೇಳುದು?"

ನನಗೆ ಕನಿಕರ ಬಂತು, ಹಾಗೆಂದು ಸಿಟ್ಟೂ ಹೋಗಲಿಲ್ಲ. "ಈಗಾದ್ರೂ ಬಿಡಿಸುವ. ಹೊಸ ಕೋನ್ ನಾನೇ ತರಿಸಿ ಹಾಕಿಸ್ತೇನೆ" ಎಂದೆ.

"ಹೊಸ ಕೋನ್ ಹಾಕಿದ್ರೆ ಅದು ಬೇರೆ ಸ್ಪೀಕರ್, ಸುಂದರಣ್ಣ. ಅವಳು ಕೇಳಿದ ಸ್ವರ ಇದು. ಮನೆಯಲ್ಲಿ ಅವಳದ್ದು ಅಂತ ಮಾತಾಡುವಂಥದ್ದು ಬೇರೆ ಎಂತ ಉಂಟು?"

ತಮೀಮನನ್ನು ಕಳಿಸಿದೆ. ಬಿಡಿಸದೆಯೇ ನಕ್ಷೆ ಕಂಡೀತೇ ಎಂದು ಅವನು ಎದುರಿನಿಂದ ಬಲ್ಬು ಹಿಡಿದು ನೋಡಿದ; ಕಪ್ಪು ಕಾಗದದಲ್ಲಿ ಬೆಳಕು ದಾಟಲಿಲ್ಲ. ಮೈದಾ ಅಂಟು ನೀರಿಗೆ ಬಿಡುತ್ತದೆ, ಆದರೆ ಅಷ್ಟು ಹಳೆಯ ಕೋನೂ ನೀರಿಗೆ ನೆನೆದು ಕಿತ್ತುಬರುತ್ತದೆ, ಎರಡರಲ್ಲಿ ಒಂದು ಮಾತ್ರ ಉಳಿದೀತು ಎಂದು ಹೇಳಿದ. ಹರಿದದ್ದು ಯಾರೆಂದು ಜಯಣ್ಣ ಅವನಿಗೂ ಹೇಳಿದ್ದರು. ಆ ವಾರವೆಲ್ಲ ಅವನ ಮುಖ ನೋಡಲಾಗುತ್ತಿರಲಿಲ್ಲ.

ಜ್ವರ ಬಿಟ್ಟ ಮೇಲೆ ಒಂದು ಭಾನುವಾರ ಜಯಣ್ಣ ತಾವಾಗಿಯೇ ಸ್ಪೀಕರನ್ನು ಪೆಟ್ಟಿಗೆಯ ಸಮೇತ ರಿಕ್ಷಾದಲ್ಲಿ ತಂದರು. "ನಿಮ್ಮ ಪದ್ಧತಿಗೆ ಸುಳ್ಳು ಸೇರಿಸಿದ್ದು ನಾನು. ಬಿಡಿಸಿ" ಎಂದರು. ನಾನು ಬಟ್ಟಲಲ್ಲಿ ನೀರು, ಹತ್ತಿ, ಬ್ಲೇಡು ತಯಾರು ಮಾಡಿದೆ.

"ಮೊದಲು ಒಮ್ಮೆ ಹಾಕಿ ನೋಡುವ" ಎಂದರು ಜಯಣ್ಣ. ಅದು ಅವರ ರಿಪೇರಿಯ ಕ್ರಮ. ಯಾರ ಸೆಟ್ಟೇ ಆಗಲಿ, ಬಿಚ್ಚುವ ಮೊದಲು ಒಮ್ಮೆ ಹಾಡಿಸಿ ನೋಡಬೇಕು, ಸರಿ ಇದ್ದದ್ದನ್ನು ಹಾಳು ಮಾಡಿದ ಮಾತು ಆಮೇಲೆ ಬರಬಾರದು. ರೇಡಿಯೋ ಜೋಡಿಸಿದರು. ಮಂಗಳೂರು ಆಕಾಶವಾಣಿಯಲ್ಲಿ ಒಬ್ಬಾಕೆ ಹಲಸಿನ ಹಪ್ಪಳ ಮಾಡುವ ಕ್ರಮವನ್ನು ತುಳುವಿನಲ್ಲಿ ಹೇಳುತ್ತಿದ್ದಳು. ತುಸು ಶೀತ ಹಿಡಿದ ಸ್ವರ, ಆದರೂ ಆಕೆ ಪಕ್ಕದಲ್ಲೇ ಕುಳಿತಿದ್ದಾಳೆ ಎನ್ನುವ ಹಾಗೆ ಕೇಳಿಸಿತು. ಹಪ್ಪಳ ಬಿಸಿಲಿಗೆ ಹಾಕುವವರೆಗೂ ಮೂವರೂ ಕೇಳುತ್ತಾ ನಿಂತೆವು. ಜಯಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟಿದ್ದರು, ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ತಮೀಮ್ ನೀರಿನ ಬಟ್ಟಲು ತೆಗೆದು ಕಿಟಕಿಯಿಂದ ಹೊರಗೆ ಚೆಲ್ಲಿದ. "ನನ್ನಿಂದ ಆಗುದಿಲ್ಲ. ನಿಮ್ಮಿಂದ ಆಗ್ತದಾ ಸುಂದರಣ್ಣ?" ಎಂದು ಕೇಳಿದ.

ನನ್ನಿಂದ ಆಗುತ್ತಿತ್ತು. ನಿಜ ಹೇಳುತ್ತೇನೆ, ಬ್ಲೇಡು ನನ್ನ ಕೈಯಲ್ಲೇ ಇತ್ತು. ಇಬ್ಬರೂ ಸೇರಿ ಪೆಟ್ಟಿಗೆ ಎತ್ತಿಕೊಂಡು ಇಳಿದು ಹೋದಾಗ ಹುಚ್ಚರು ಎಂದು ಬೈದುಕೊಂಡೆ. ಮುಂದಿನ ವಾರ ಜಯಣ್ಣ ಹೇಳಿ ಬರೆಸಿದಂತೆ ಆ ಖಾಲಿ ಹಾಳೆಯನ್ನು ಬದಲಿಸಿದೆ: ‘ಏಳನೇ ಹಾಳೆಯನ್ನು ಹರಿದವರು ಕುಶಲಾ, ಕುಲಶೇಖರ, ಮಂಗಳೂರು. ಇಲಿ ಕಡಿದ ಸ್ಪೀಕರಿಗೆ ತೇಪೆ ಹಾಕಲಿಕ್ಕಾಗಿ. ಹಾಳೆ ಕೆಲಸದಲ್ಲಿದೆ.’ ಪೋರ್ಚುಗಲ್ಲಿನ ಬಡಗಿ ಅದನ್ನು ಓದಿ, ಹಾಗಾದರೆ ಕಾಯುತ್ತೇನೆ ಎಂದು ಬರೆದ. ಅವನಾದರೂ ನನ್ನ ಪಕ್ಷ ವಹಿಸಿಯಾನು ಎಂದುಕೊಂಡಿದ್ದೆ, ಅವನೂ ಹಾಗೆಯೇ.

ಹೋದ ಚಳಿಗಾಲದಲ್ಲಿ ಜಯಣ್ಣ ಹೋಗಿಬಿಟ್ಟರು. ಜಗಲಿಯಲ್ಲಿ ಯಾರದೋ ಆಂಪ್ಲಿಫೈಯರ್ ಬಿಚ್ಚಿಕೊಂಡು ಕುಳಿತಿದ್ದವರು ಹಾಗೆಯೇ ಗೋಡೆಗೆ ಒರಗಿದರಂತೆ. ಉತ್ತರಕ್ರಿಯೆ ಕಳೆದ ಮೇಲೆ ಅಶ್ಮಿತಾ ಆ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟಳು.

"ಪಪ್ಪ ಹೇಳಿದ್ದಾರೆ ಅಂಕಲ್, ಇದು ನಿಮಗೆ. ಇನ್ನು ಹಾಳೆ ಬಿಡಿಸ್ಲಿಕ್ಕೆ ಅಡ್ಡಿ ಇಲ್ಲ ಅಂತ."

"ನಿನಗೆ ಬೇಡವಾ?"

"ಬೇಕಿತ್ತು" ಎಂದಳು. ಆಮೇಲೆ "ಆದ್ರೆ ಅದು ಪಪ್ಪನ ಮಾತಲ್ವಾ" ಎಂದು ಸೆರಗಿನ ತುದಿ ಸರಿಮಾಡಿಕೊಂಡು ಇಳಿದುಹೋದಳು.

ಕೇಳಿ ಕೇಳಿ ಸಾಕಾದದ್ದು ಈಗ ಕೈಗೇ ಬಂದಿತ್ತು. ನಾಳೆ ಬಿಡಿಸಿದರಾಯಿತು ಎಂದು ಇಟ್ಟೆ. ಅಷ್ಟರವರೆಗೆ ಇರಲಿ ಎಂದು ಬೆಳಗ್ಗೆ ವಾರ್ತೆಗೆ ಹಾಕತೊಡಗಿದೆ. ಭಾನುವಾರ ತಮೀಮ್ ಬಂದು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದ. ಜಯಣ್ಣ ನಿಲ್ಲುತ್ತಿದ್ದ ಜಾಗದಲ್ಲಿ ಪೆಟ್ಟಿಗೆ ಇದೆ, ಅಷ್ಟೇ. ಆ ಮನುಷ್ಯ ಇಲ್ಲದ ಕೋಣೆ ನನಗೆ ಇಷ್ಟು ಖಾಲಿ ಎನಿಸೀತೆಂದು ನಾನು ಎಣಿಸಿರಲಿಲ್ಲ.

ಈ ವರ್ಷ ಮಳೆ ಹಿಡಿದ ಮೇಲೆ ಒಂದು ಬೆಳಗ್ಗೆ ವಾರ್ತೆ ಓದುವವನ ಸ್ವರದಲ್ಲಿ ಪರಪರ ಎಂದು ಕೇಳಿಸಿತು. ಹಿಂದಿನ ಹಲಗೆ ತೆಗೆದು ನೋಡಿದೆ. ತಂಡಿಗೆ ತೇಪೆಯ ಒಂದು ಮೂಲೆ ತಾನಾಗಿ ಎದ್ದಿತ್ತು. ನೀರು ಬೇಡ, ಬ್ಲೇಡು ಬೇಡ, ಸುಮ್ಮನೆ ಹಿಡಿದೆಳೆದರೆ ಬರುವ ಹಾಗಿತ್ತು. ಟಾರ್ಚ್ ಹಿಡಿದು ಎದ್ದ ಮೂಲೆಯ ಅಡಿಯಲ್ಲಿ ಇಣುಕಿದೆ. ನಕ್ಷೆಯ ಒಂದು ಗೆರೆ, ಅದರ ಪಕ್ಕದಲ್ಲಿ ಒಂದು ಅಂಕಿ, ಪೆಟ್ಟಿಗೆಯ ಎತ್ತರ. ಅದರ ಪಕ್ಕದಲ್ಲೇ ಒಣಗಿದ ಅಂಟಿನಲ್ಲಿ ತುಸು ನೀಲಿಯಾಗಿ ಒಂದು ಹೆಬ್ಬೆರಳಿನ ಗುರುತು.

ಎತ್ತರದ ಅಂಕಿಯನ್ನು ಬಡಗಿಗೆ ಬರೆದು ಕಳಿಸಿದೆ. ಸದ್ಯ ಇಷ್ಟೇ ಸಿಕ್ಕಿದ್ದು ಎಂದೂ ಬರೆದೆ. ಆಮೇಲೆ ಮಳೆಯಲ್ಲೇ ಕಂಕನಾಡಿ ಮಾರ್ಕೆಟಿಗೆ ಹೋಗಿ ಮೈಲುತುತ್ತ ತಂದೆ. ಹೋಟೆಲಿನ ಒಲೆಯಲ್ಲಿ ವಿಷ ಕುದಿಸಬಾರದೆಂದು ಮೇಲಿನ ಕೋಣೆಯಲ್ಲೇ ಹಳೆಯ ಡಬ್ಬದಲ್ಲಿ ಮೈದಾ ಕುದಿಸಿ, ಚಿಟಿಕೆ ಹಾಕಿ ಕಲಸಿದೆ. ಎದ್ದ ಮೂಲೆಗೆ ಸವರಿ ಅಂಟಿಸಿ, ಒಣಗುವವರೆಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಬಹಳ ಹೊತ್ತು ಹಿಡಿಯಬೇಕಾಗುತ್ತದೆ, ಕೈ ಸೋಲುತ್ತದೆ.

ರೇಡಿಯೋ ಹಾಕಿ ನೋಡಿದೆ. ಪರಪರ ಇರಲಿಲ್ಲ. ಅಶ್ಮಿತಾಗೆ ಫೋನ್ ಮಾಡಿದೆ.

"ನಿಮ್ಮ ಸ್ಪೀಕರ್ ರಿಪೇರಿ ಆಯ್ತು ಮಗಾ" ಎಂದೆ. "ಬಂದು ತೆಗೊಂಡು ಹೋಗು."