ಕೊನೆಯ ಅಧ್ಯಾಯವನ್ನು ಮೊದಲು ಓದುವ ಅಮ್ಮ

ಸಸ್ಪೆನ್ಸ್ ಕಾದಂಬರಿ ಬರೆಯುವವರು ವಿಮರ್ಶಕರಿಗೆ ಹೆದರಬೇಕಾಗಿಲ್ಲ. ಅವರು ನಮ್ಮನ್ನು ಓದುವುದೇ ಇಲ್ಲ. ಹೆದರಬೇಕಾದದ್ದು ಕೊನೆಯ ಅಧ್ಯಾಯವನ್ನು ಮೊದಲು ತೆರೆಯುವ ಓದುಗರಿಗೆ. ಅಂಥವಳೊಬ್ಬಳು ಬಸವೇಶ್ವರನಗರದ ನಮ್ಮ ಮನೆಯಲ್ಲೇ ಇದ್ದಾಳೆ. ನನ್ನ ಅಮ್ಮ.

ನಾನು ಬರೆಯುವುದು ಕರಾವಳಿಯ ಕತೆಗಳನ್ನು. ಕಾಳುಮೆಣಸಿನ ಹಡಗುಗಳು ಬಂದುಹೋಗುತ್ತಿದ್ದ ಹಳೆಯ ರೇವುಗಳು, ಪಾಚಿ ಹಿಡಿದ ಕೋಟೆಗೋಡೆ, ಹೊಳೆ ಕಡಲು ಸೇರುವ ಅಳಿವೆ, ಅಲ್ಲೊಬ್ಬ ಕಾಣೆಯಾದ ಮನುಷ್ಯ. ಹೊನ್ನಾವರದಿಂದ ಅಂಕೋಲೆಯವರೆಗೆ ನಾನು ಕಾಗದದ ಮೇಲೆ ಮಾಡಿಸಿರುವ ಕೊಲೆಗಳನ್ನು ನೋಡಿದರೆ ಆ ಕಡೆ ಈಗ ಜನವೇ ಉಳಿದಿರಬಾರದು. ಬರೆಯುವುದು ಮಾತ್ರ ಇಲ್ಲಿ, ಹಿಂದಿನ ರೂಮಿನಲ್ಲಿ, ಕಿಟಕಿಯಾಚೆ ಪಕ್ಕದ ಮನೆಯವರ ವಾಷಿಂಗ್ ಮೆಷಿನ್ ಗಡಗಡ ಎನ್ನುತ್ತಿರುವಾಗ. ಹಗಲು ವಿಜಯನಗರದ ಹೈಸ್ಕೂಲಿನಲ್ಲಿ ಕನ್ನಡ ಪಾಠ, ಸಂಜೆ ಕಡಲು. ಅಲ್ಲಿನ ಓದುಗರು ಫೋನ್ ಮಾಡಿ ತಿದ್ದುತ್ತಾರೆ: "ಮೇಡಂ, ನೀವು ಬರೆದ ಹೊತ್ತಿಗೆ ಅಳಿವೆಯಲ್ಲಿ ಇಳಿತ ಇರ್ತದೆ, ದೋಣಿ ಒಳಗೆ ಬರೂದಿಲ್ಲ." ಒಮ್ಮೆ ಬಂದು ನೋಡಿಕೊಂಡು ಹೋಗಿ ಎಂದೂ ಕರೆಯುತ್ತಾರೆ. ಬರುತ್ತೇನೆ ಎನ್ನುತ್ತೇನೆ, ಹೋಗುವುದಿಲ್ಲ. ಆ ಕಡಲನ್ನು ನಾನು ನೋಡಿರುವುದು ಒಂದೇ ಸಲ, ನನ್ನ ತಮ್ಮನನ್ನು ಹುಡುಕಲು ಹೋದಾಗ.

ತಮ್ಮನಿಗೆ ಹಳೆಯ ಕೋಟೆಗಳ ಹುಚ್ಚು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಜೆ ಸಿಕ್ಕಿದರೆ ಸಾಕು, ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದ. ಒಂದು ಸಲ ಉತ್ತರ ಕನ್ನಡದ ಕಡೆ ಹೋದವನು ಬರಲಿಲ್ಲ. ಕೋಟೆಯ ಕೆಳಗಿನ ಬಂಡೆಯ ಮೇಲೆ ಅವನ ಬ್ಯಾಗು, ಅದರೊಳಗೆ ಮೈಮೇಲಿಂದ ತೆಗೆದು ಮಡಚಿಟ್ಟ ಷರ್ಟು, ಪಕ್ಕದಲ್ಲಿ ಚಪ್ಪಲಿ ಸಿಕ್ಕಿದವು. ಈಜಲು ಇಳಿದಿರಬೇಕು ಎಂದರು. ಇಳಿದದ್ದನ್ನು ಕಂಡವರು ಯಾರೂ ಇರಲಿಲ್ಲ. ಮೀನುಗಾರರು ದೋಣಿಯಲ್ಲಿ ಹೋಗಿ ಹುಡುಕಿದರು. ನಾನೂ ನಮ್ಮ ದೊಡ್ಡಪ್ಪನ ಮಗನೂ ದಡದುದ್ದಕ್ಕೂ ನಡೆದೆವು. ಕಡಲು ಯಾರನ್ನೂ ಇಟ್ಟುಕೊಳ್ಳುವುದಿಲ್ಲ, ಎಲ್ಲಾದರೂ ತಂದು ಹಾಕುತ್ತದೆ ಎಂದು ಅಲ್ಲಿನವರು ಸಮಾಧಾನ ಹೇಳಿದರು. ನಮಗೆ ಅದು ಏನನ್ನೂ ಕೊಡಲಿಲ್ಲ. ಬ್ಯಾಗು ಹಿಡಿದುಕೊಂಡು ಬೆಂಗಳೂರಿಗೆ ಬಂದೆವು. ಅಪ್ಪ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದರು. ಬಾಗಿಲಲ್ಲಿ ನಿಂತಿದ್ದವಳು ಅಮ್ಮ ಒಬ್ಬಳೇ.

ಹೆಣ ಸಿಗದಿದ್ದರೆ ಸಾವೂ ಆಗುವುದಿಲ್ಲ. ನಮ್ಮಲ್ಲಿ ಅದಕ್ಕೊಂದು ಪದ್ಧತಿ ಇದೆ. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾಯಬೇಕು. ಆಮೇಲೂ ಬರದಿದ್ದರೆ ದರ್ಭೆಯಲ್ಲಿ ಅವನ ಆಕಾರ ಮಾಡಿ, ಅದನ್ನು ಸುಟ್ಟು, ಕರ್ಮ ಮಾಡಿ ಮುಗಿಸಬೇಕು. ಅಲ್ಲಿಯವರೆಗೆ ಅವನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಫೋಟೋ ಗೋಡೆಗೆ ಹಾಕಬಹುದು, ಹಾರ ಹಾಕುವಂತಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ "ಮಗ ಏನ್ಮಾಡ್ತಿದಾನೆ?" ಎಂದು ಕೇಳಿದರೆ ಅಮ್ಮ "ಊರಲ್ಲಿಲ್ಲ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತ ನಾನು ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇರುತ್ತಿದ್ದೆ.

ಆ ವರ್ಷಗಳಲ್ಲೇ ನಾನು ಬರೆಯಲು ಶುರುಮಾಡಿದ್ದು. ಮೊದಲ ಕಾದಂಬರಿಯಲ್ಲಿ ಕೋಟೆಯ ಕೆಳಗೆ ಬಟ್ಟೆ ಬಿಟ್ಟು ಮಾಯವಾದವನು ಕಳ್ಳಸಾಗಣೆಯವರ ಕೈಗೆ ಸಿಕ್ಕಿ, ಕೊನೆಯ ಅಧ್ಯಾಯದಲ್ಲಿ ತಪ್ಪಿಸಿಕೊಂಡು ಬರುತ್ತಾನೆ. ಎರಡನೆಯದರಲ್ಲಿ ಹಿಂದಿನದೆಲ್ಲ ಮರೆತು ಯಾವುದೋ ದ್ವೀಪದಲ್ಲಿ ಬಲೆ ಹೆಣೆಯುತ್ತಿರುತ್ತಾನೆ. ಇನ್ನೊಂದರಲ್ಲಿ ವೇಷ ಮರೆಸಿಕೊಂಡು ಲೈಟ್‌ಹೌಸ್ ಕಾಯುತ್ತಿರುತ್ತಾನೆ. ಯಾರು ಯಾರನ್ನೋ ಕೊಂದೆ; ಕಾಣೆಯಾದವನನ್ನು ಮಾತ್ರ ಪ್ರತಿ ಸಲವೂ ಮನೆಗೆ ಕರೆತಂದೆ. ಓದುಗರಿಗೆ ಹಿಡಿಸಿತು. ಪ್ರಕಾಶಕರು "ಇದೇ ನಿಮ್ಮ ಟ್ರೇಡ್‌ಮಾರ್ಕ್ ಮೇಡಂ, ಬಿಡಬೇಡಿ" ಎಂದರು. ನಾನೂ ಹಾಗೇ ಅಂದುಕೊಂಡೆ. ಕಸುಬಿನ ಚಮತ್ಕಾರ ಅಂದುಕೊಂಡರೆ ಅಳು ಬರುವುದಿಲ್ಲ.

ಪ್ರೂಫ್ ಮನೆಗೆ ಬಂದ ದಿನ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕನ್ನಡಕ ಹಾಕಿಕೊಂಡು, ಕಟ್ಟನ್ನು ಮಗುಚಿ ಕೊನೆಯ ಹಾಳೆಗಳನ್ನು ಎತ್ತಿಕೊಳ್ಳುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಮ್ಮ, ತಿಂಗಳುಗಟ್ಲೆ ತಲೆ ಕೆಡಿಸ್ಕೊಂಡು ಗಂಟು ಹಾಕಿರ್ತೀನಿ. ನೀನು ಹಿಂದ್ಗಡೆಯಿಂದ ಬಂದು ಬಿಚ್ಚಿಬಿಡ್ತೀಯಲ್ಲ!"

"ಇರ್ಲಿ ಬಿಡೇ. ಬಂದ್ನೋ ಇಲ್ವೋ ಅಷ್ಟು ಗೊತ್ತಾದ್ರೆ ಸಾಕು ನಂಗೆ."

ಓದಿ ಮುಗಿಸಿ, "ಬಂದ," ಎಂದಷ್ಟೇ ಹೇಳಿ ಎದ್ದು ಹೋಗಿ ಕುಕ್ಕರ್ ಇಡುತ್ತಿದ್ದಳು. ಉಳಿದದ್ದನ್ನು ಆಮೇಲೆ ಬಿಡುವಾದಾಗ ಓದುತ್ತಿದ್ದಳು, ಕೆಲವು ಸಲ ಓದುತ್ತಲೂ ಇರಲಿಲ್ಲ. ಅವಳು ನನ್ನ ಪುಸ್ತಕಗಳನ್ನು ಕಣಿ ಕೇಳುವ ಹಾಗೆ ಓದುತ್ತಿದ್ದಾಳೆ, ಕತೆಯಲ್ಲಿ ಬಂದವನು ನಿಜವಾಗಿಯೂ ಒಂದು ದಿನ ಗೇಟು ತೆಗೆದುಕೊಂಡು ಬಂದಾನು ಎಂದು ನಂಬಿದ್ದಾಳೆ ಎಂದುಕೊಂಡಿದ್ದೆ. ಹೆತ್ತ ಕರುಳು, ಏನು ಹೇಳುವುದು ಎಂದುಕೊಂಡು ಪ್ರೂಫ್ ತಿದ್ದಲು ಕೂರುತ್ತಿದ್ದೆ.

ಹೋದ ವರ್ಷ ಹನ್ನೆರಡು ತುಂಬಿತು. ದೊಡ್ಡಪ್ಪನ ಮಗ ನಂದಿನಿ ಲೇಔಟಿನಿಂದ ಬಂದು, ಕಾಫಿ ಲೋಟ ಕೆಳಗಿಟ್ಟು, ಅಮ್ಮನ ಎದುರು ಕೂತು ವಿಷಯ ತೆಗೆದ.

"ಚಿಕ್ಕಮ್ಮ, ಶಾಸ್ತ್ರಿಗಳ ಹತ್ರ ಮಾತಾಡಿದೀನಿ. ಪಶ್ಚಿಮವಾಹಿನೀಲಿ ಮಾಡಿಸ್ಬಿಡೋಣ, ಕರ್ಮಕ್ಕೆ ನಾನೇ ಕೂತ್ಕೋತೀನಿ. ಹೀಗೇ ಬಿಟ್ರೆ ಅವನಿಗೂ ದಾರಿ ಇಲ್ಲ, ನಿಮಗೂ ನೆಮ್ಮದಿ ಇಲ್ಲ."

ಅಮ್ಮ ನನ್ನ ಮುಖ ನೋಡಿದಳು. "ಇವಳು ಈಗ ಬರೀತಿರೋ ಪುಸ್ತಕ ಮುಗೀಲಿ ಕಣೋ. ಆಮೇಲೆ ಹೇಳ್ತೀನಿ."

ಹೊರಡುವಾಗ ಅಣ್ಣ ಗೇಟಿನ ಹತ್ತಿರ ನನ್ನನ್ನು ತರಾಟೆಗೆ ತೆಗೆದುಕೊಂಡ. "ನೀನು ಏನೇನೋ ಬರ್ದು ಅವ್ರಿಗೆ ಆಸೆ ಹುಟ್ಸಿದೀಯ. ಈಗ ನೀನೇ ಬಿಡಿಸ್ಬೇಕು." ನನಗೆ ರೇಗಿತು. ಬರೆದು ಬದುಕುವ ಕಷ್ಟ ಇವನಿಗೇನು ಗೊತ್ತು ಎಂದು ಗೊಣಗಿಕೊಂಡೇ ಒಳಗೆ ಬಂದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅಮ್ಮನಿಗೆ ಎಪ್ಪತ್ತು ದಾಟಿದೆ. ಅವಳು ಇನ್ನೂ ಕಾಯುತ್ತಲೇ ಹೋಗಿಬಿಟ್ಟರೆ?

ಹಾಗಾಗಿ ಈ ಸಲ ಅವನು ಬರಬಾರದು ಎಂದು ತೀರ್ಮಾನಿಸಿದೆ.

ಹೆಣವನ್ನು ದಡಕ್ಕೆ ತರುವುದು ನನಗೆ ನೀರು ಕುಡಿದಷ್ಟು ಸುಲಭ. ಎಷ್ಟು ತಂದಿಲ್ಲ! ಈ ಹೆಣ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಒಂದು ಸಾಲು ಬರೆದರೆ ಅದಕ್ಕೆ ನನ್ನ ತಮ್ಮನ ಕೈಬೆರಳುಗಳು ಬರುತ್ತಿದ್ದವು, ಇನ್ನೊಂದು ಸಾಲಿಗೆ ಅವನ ಒಡಕು ನಗು. ಅಳಿಸುತ್ತಿದ್ದೆ. ದೂರದಲ್ಲೊಂದು ದೋಣಿ, ಅದರಲ್ಲಿ ಇನ್ನೂ ಉಸಿರಿರುವ ಒಬ್ಬ ಮನುಷ್ಯ ಎಂದು ಕೈ ತಾನೇ ತಾನಾಗಿ ಬರೆದುಬಿಡುತ್ತಿತ್ತು. ಪ್ರಕಾಶಕರಿಗೆ ಎರಡು ಸಲ ಸುಳ್ಳು ಹೇಳಿದೆ, ಜ್ವರ ಎಂದು. ಕೊನೆಗೊಂದು ಭಾನುವಾರ ಬಾಗಿಲು ಹಾಕಿಕೊಂಡು ಕೂತು ಬರೆದೆ. ಕಾದಂಬರಿಯ ಅಕ್ಕ ಅಳಿವೆಯ ದಡದಲ್ಲಿ ನಿಂತಿದ್ದಾಳೆ. ದೋಣಿಗಳೆಲ್ಲ ಬಂದವು. ಯಾವುದರಲ್ಲೂ ಅವನಿಲ್ಲ. ಅವಳು ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾಳೆ. ಅಷ್ಟೇ. ಹೆಣವನ್ನು ತರಲು ಕೊನೆಗೂ ನನ್ನ ಕೈಲಾಗಲಿಲ್ಲ. ಬರೆದು ಮುಗಿಸಿ, ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅವನು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಪ್ರಿಂಟ್ ತೆಗೆಸಿ ಅಮ್ಮನ ಕೈಗೆ ಕೊಟ್ಟೆ. ಅವಳು ಕಟ್ಟನ್ನು ಮಗುಚಿದಳು. ನಾನು ಎದುರಿಗೆ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಓದಿದಳು, ಮತ್ತೆ ಮೊದಲಿಂದ ಓದಿದಳು. ಕನ್ನಡಕ ತೆಗೆದಳು.

"ಬರ್ಲಿಲ್ಲ," ಎಂದಳು.

"ಇಲ್ಲಮ್ಮ. ಇನ್ನು ಬರಲ್ಲ."

ಅವಳು ಬೈಯಬಹುದು, ಕೂಗಾಡಬಹುದು, ಹಾಳೆಗಳನ್ನು ಎಸೆಯಬಹುದು ಎಂದು ಕಾದೆ. ಅಮ್ಮ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ನಂಗೆ ಗೊತ್ತು ಕಣೇ. ನೀವು ಬ್ಯಾಗ್ ತಂದ್ರಲ್ಲ, ಅವತ್ತೇ ಗೊತ್ತಾಯ್ತು. ಮನೇಲಿ ಒಂದಿನಾನೂ ಬಟ್ಟೆ ಮಡಚಿದವನಲ್ಲ. ಅಲ್ಲಿ ಮಡಚಿಟ್ಟಿದಾನೆ ಅಂದ್ರೆ, ಬಂದು ಹಾಕ್ಕೊಳೋಣ ಅಂತ್ಲೇ ಇಳ್ದಿದಾನೆ. ಬರಕ್ಕಾಗಿದ್ರೆ ಬರ್ತಿದ್ದ."

"ಮತ್ಯಾಕಮ್ಮ ಇಷ್ಟು ವರ್ಷ..."

"ನೀನು ಬಿಡ್ಲಿಲ್ವಲ್ಲೇ. ಒಂದೊಂದು ಪುಸ್ತಕದಲ್ಲೂ ಕರ್ಕೊಂಡು ಕರ್ಕೊಂಡು ಬರ್ತಿದ್ದೆ. ನಾನು ಮೊದ್ಲೇ ಎಳ್ಳುನೀರು ಬಿಟ್ಟುಬಿಟ್ರೆ ನಿನ್ ಗತಿ ಏನು? ನೀನಾಗೇ ಬಿಡ್ಲಿ ಅಂತ ಕಾದೆ."

ಎಷ್ಟೋ ಕೊಲೆಗಾರರನ್ನು ಹಿಡಿದುಕೊಟ್ಟವಳು ನಾನು. ದಿನಾ ನನ್ನ ಜೊತೆ ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದ ಹೆಂಗಸಿನ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ಹೊಳೆದಿರಲಿಲ್ಲ. ಆ ದಿನ ಮಧ್ಯಾಹ್ನ ಅಮ್ಮನೇ ಅಣ್ಣನಿಗೆ ಫೋನ್ ಮಾಡಿ, ಶಾಸ್ತ್ರಿಗಳಿಗೆ ಹೇಳಿಬಿಡು ಎಂದಳು.

ಪಶ್ಚಿಮವಾಹಿನಿಯಲ್ಲಿ ಹೊಳೆಯ ನೀರು ಕಡಿಮೆಯಿತ್ತು. ನೀವು ದೂರ ಕೂತರಾಯಿತು ಎಂದು ಅಣ್ಣ ಹೇಳಿದ್ದ. ಅಮ್ಮ ಕೇಳದೆ ಮೆಟ್ಟಿಲಿಳಿದು ಹತ್ತಿರವೇ ಬಂದು ನಿಂತಳು. ಶಾಸ್ತ್ರಿಗಳು ಚುರುಕಿನ ಮನುಷ್ಯ. ಮುತ್ತುಗದ ಎಲೆ ಹರಡಿ, ದರ್ಭೆಯನ್ನು ಸೀಳಿ, ದಾರ ಸುತ್ತಿ, ತಲೆ ಕೈ ಕಾಲು ಕಟ್ಟಿದರು. ನಮ್ಮ ಹಿಂದೆ ಬೇರೆ ಮನೆಯವರು ಕಾಯುತ್ತಿದ್ದರು. ನನಗೆ ಅತ್ತ ನೋಡಲಾಗಲಿಲ್ಲ, ನೀರಿನ ಕಡೆ ಮುಖ ಮಾಡಿ ನಿಂತೆ.

"ಶಾಸ್ತ್ರಿಗಳೇ," ಅಮ್ಮನ ದನಿ ಕೇಳಿ ತಿರುಗಿದೆ. ಅವಳು ಎಲೆಯ ಮೇಲೆ ಮಲಗಿಸಿದ್ದ ಗೊಂಬೆಯನ್ನೇ ನೋಡುತ್ತಿದ್ದಳು. "ಇನ್ನೂ ಸ್ವಲ್ಪ ಉದ್ದ ಮಾಡಿ. ನನ್ ಮಗ ಎತ್ತರ ಇದ್ದ."

ಶಾಸ್ತ್ರಿಗಳು ಒಮ್ಮೆ ಅವಳ ಮುಖ ನೋಡಿದರು. ಕಾಲಿನ ಗಂಟು ಬಿಚ್ಚಿ, ಇನ್ನೊಂದು ಹಿಡಿ ದರ್ಭೆ ತೆಗೆದುಕೊಂಡು, ಎಷ್ಟು ಬೇಕು ಎಂದು ಕೇಳಿದರು. ಅಮ್ಮ ಬಗ್ಗಿ, ನೆಲದ ಮೇಲೆ ಕೈಯಿಟ್ಟು ತೋರಿಸಿದಳು.