ಪಿತ್ತಪ್ಪ

ಅಂಗರಚನೆ ಕಲಿಸುವ ನಮ್ಮ ಮೇಷ್ಟ್ರಿಗೆ ಪಿತ್ತ ನೆತ್ತಿಗೇರಲು ಒಂದು ತಪ್ಪುತ್ತರ ಸಾಕಿತ್ತು. ಅದಕ್ಕೇ ನಮ್ಮ ಬಾಯಲ್ಲಿ ಅವರು ಪಿತ್ತಪ್ಪ. ಫಾರ್ಮಲಿನ್ ತೊಟ್ಟಿಕ್ಕುವ ಲಿವರನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಬಲಗಡೆ ದೊಡ್ಡ ಹಾಲೆ, ಎಡಗಡೆ ಚಿಕ್ಕದು, ಅಡಿಯಲ್ಲಿ ಪಿತ್ತಕೋಶ. ಇಷ್ಟು ದೊಡ್ಡ ಅಂಗಕ್ಕೆ ಬಾಯಿ ಮಾತ್ರ ಇಲ್ಲ ಕಣ್ರಯ್ಯಾ, ಮುಕ್ಕಾಲು ಪಾಲು ಕೆಟ್ರೂ ತುಟಿಪಿಟಕ್ ಅನ್ನಲ್ಲ. ಕಣ್ಣು ನೋಡಿ, ಕಣ್ಣು ಹೇಳತ್ತೆ!" ಎನ್ನುತ್ತಿದ್ದರು. ಗೇಟಿನ ಕಾವಲುಗಾರನಿರಲಿ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತನಿರಲಿ, ಮೊದಲು ಕೆಳರೆಪ್ಪೆ ಎಳೆದು ಹಳದಿಯಿದೆಯೇ ಎಂದು ನೋಡಿ, ಆಮೇಲೆ ನಮಸ್ಕಾರ. ಅವರ ಹೆಂಡತಿ ಲಿವರ್ ಕೆಟ್ಟು ತೀರಿಕೊಂಡಾಗ ನಮ್ಮಲ್ಲೊಬ್ಬ, "ಮೇಡಂ ಕಣ್ಣು ನೋಡಿರ್ಲಿಲ್ವಾ ಸರ್?" ಎಂದು ಕೇಳಿಯೇಬಿಟ್ಟ. ಪಿತ್ತಪ್ಪನವರಿಗೆ ಅಂದು ಪಿತ್ತ ಏರಲಿಲ್ಲ. "ಬಂಗಾರದಂಥವಳು ಕಣಯ್ಯಾ," ಎಂದರು ಹೆಮ್ಮೆಯಿಂದ, "ನನ್ನೆದುರು ಒಂದು ದಿನಾನೂ ತಲೆ ಎತ್ತಿದವಳಲ್ಲ."