ಅಪ್ಪನ ಮೊದಲ ಕೆಮ್ಮು

ಅಪ್ಪ ಮರಾಠಿ ಸೀಮೆಯ ಸ್ವಾರಗೇಟ್ ಡಿಪೋದಿಂದ ಘಾಟಿನ ದಾರಿಗಳಲ್ಲಿ ಬಸ್ಸು ಓಡಿಸುತ್ತಿದ್ದ. ಗಾಡಿಯಲ್ಲಿ ಏನೇ ಸದ್ದು ಬರಲಿ, ಪ್ರಯಾಣಿಕರು ಕೇಳಿದರೆ ಅವನದು ಒಂದೇ ಉತ್ತರ: "ಏನೂ ಇಲ್ರಿ, ಆರಾಮ ಕೂಡ್ರಿ." ಡಿಪೋಕ್ಕೆ ಮರಳಿದ ಮೇಲೆ ಮೆಕ್ಯಾನಿಕ್‌ಗೆ ಮಾತ್ರ ಒಂದೊಂದು ಸದ್ದನ್ನೂ ಬಿಡಿಸಿ ಹೇಳುತ್ತಿದ್ದ.

ನಾನು ಕಾಲೇಜಿನಲ್ಲಿದ್ದಾಗ ಅವನ ಹೃದಯದ ಕವಾಟ ಕೆಟ್ಟಿತು. ಎದೆಯ ಮೂಳೆ ಸೀಳದೆ, ಬಲ ಪಕ್ಕೆಯ ಸಂದಿನಲ್ಲಿ ಸಣ್ಣದಾಗಿ ಕೊಯ್ದು ಸರಿಪಡಿಸಿದರು. ನೋವು ತಡೆಯಲು ಬೆನ್ನಿನಲ್ಲಿ ತೆಳುವಾದ ನಳಿಕೆ ಇಟ್ಟು, ಆಪರೇಷನ್ ವೇಳೆಯಿಂದಲೇ ಔಷಧ ಬಿಡುತ್ತಿದ್ದರು. ಎಪಿಡ್ಯೂರಲ್ ಎಂಬ ಅದರ ಹೆಸರನ್ನು ಡಾಕ್ಟರನ್ನು ಎರಡು ಸಲ ಕೇಳಿ ಡೈರಿಯಲ್ಲಿ ಬರೆದುಕೊಂಡೆ.

ಮರುದಿನ ಅಪ್ಪ ಕೆಮ್ಮಬೇಕಿತ್ತು. ಕಫ ಹೊರಬರದಿದ್ದರೆ ನ್ಯುಮೋನಿಯಾ ಆದೀತು, ಮತ್ತೆ ಉಸಿರಾಟದ ಯಂತ್ರಕ್ಕೆ ಹಾಕಬೇಕಾದೀತು ಎಂದು ಅರಿವಳಿಕೆ ಡಾಕ್ಟರು ಎಚ್ಚರಿಸಿದ್ದರು. ಅವನ ಗಂಟಲಿನಿಂದ ಬಂದದ್ದು ಬರೀ ಗೊರಗೊರ. "ನೋವಿದೆಯಾ ಕಾಕಾ?" ಎಂದು ಅವರು ಮರಾಠಿಯಲ್ಲಿ ಕೇಳಿದರೆ, ಅವನೂ ಮರಾಠಿಯಲ್ಲಿ "ಏನೂ ಇಲ್ಲ" ಎನ್ನುತ್ತಿದ್ದ. ಮಂಚದ ಸರಳು ಹಿಡಿದ ಬೆರಳುಗಳು ಮಾತ್ರ ಬಿಳಿಚಿದ್ದವು.

ಆ ಉತ್ತರ ನನಗೆ ಹಳೆಯದು.

"ಅಪ್ಪಾ, ಡಾಕ್ಟ್ರು ಪ್ಯಾಸೆಂಜರ್ ಅಲ್ಲ. ಮೆಕ್ಯಾನಿಕ್. ಮೆಕ್ಯಾನಿಕ್‌ಗೂ ಏನೂ ಇಲ್ಲಂತಿದ್ದೇನು?"

"ಅಂದಿದ್ರ ಘಾಟದಾಗ ಎಲ್ಲಾರೂ ಸಾಯ್ತಿದ್ವಿ."

"ಮತ್ತ ಹೇಳು."

ಎಂಜಿನ್ನಿನ ಸದ್ದು ಆಲಿಸುವವನಂತೆ ಅವನು ಕಣ್ಣು ಮುಚ್ಚಿದ. "ಎಡಕ್ಕ ಮರಗಟ್ಟೇದ. ಬಲಕ್ಕ, ಇಲ್ಲಿ, ಉಸಿರು ಪೂರ್ತಿ ಎಳದ್ರ ಚೂರಿ ಹಾಕಿಧಂಗ. ಅರ್ಧಕ್ಕ ನಿಲ್ಲಿಸಿದ್ರ ಇಲ್ಲ."

ಡಾಕ್ಟರಿಗೆ ಅದನ್ನು ಮರಾಠಿಯಲ್ಲಿ ಹೇಳಿದೆ. ಅವರು ತಣ್ಣನೆಯ ಹತ್ತಿಯನ್ನು ಎರಡೂ ಪಕ್ಕೆಗೆ ಮುಟ್ಟಿಸಿ, ತಂಪು ತಿಳಿಯುತ್ತದೆಯೇ ಎಂದು ಕೇಳಿದರು. ಔಷಧ ಎಡಕ್ಕಷ್ಟೇ ಹಿಡಿದಿತ್ತು. ಆ ಕಡೆಗೂ ಹರಿಯಲೆಂದು ಅವನನ್ನು ಬಲಕ್ಕೆ ಹೊರಳಿಸಿ ಇನ್ನಷ್ಟು ಔಷಧ ಕೊಟ್ಟು ಕಾದರು.

"ಈಗ ಇಳದದ" ಎಂದ ಅಪ್ಪ. ದಿಂಬನ್ನು ಪಕ್ಕೆಗೆ ಒತ್ತಿಕೊಂಡು ಕೆಮ್ಮಿದ. ಮಂಚ ಅಲ್ಲಾಡಿತು. ಡಾಕ್ಟರು "ಶಾಬ್ಬಾಸ್ ಕಾಕಾ" ಎಂದರು. ಅಂದಿನ ತಾರೀಖಿನ ಕೆಳಗೆ ಡೈರಿಯಲ್ಲಿ ಇರುವುದು ಎರಡೇ ಪದ: "ಅಪ್ಪ ಕೆಮ್ಮಿದ." ಅದೆಷ್ಟು ಘಾಟುಗಳನ್ನು ಹತ್ತಿ ಇಳಿದವನೋ ಅವನು. ಆದರೆ ನನಗೆ ಎದೆಯುಬ್ಬಿದ್ದು ಅವನು ನೋವಿರುವ ಜಾಗಕ್ಕೆ ತಾನೇ ಬೆರಳಿಟ್ಟು ತೋರಿಸಿದಾಗ.

ಸಂಜೆ ಧನಕವಡಿಯ ಮನೆಯಿಂದ ಅವ್ವ ಬಂದಳು. "ಹೆಂಗದೀರಿ?" ಎಂದು ಕೇಳಿದಳು.

ಅಪ್ಪ ನನ್ನತ್ತ ನೋಡಿದ. "ಈಕಿ ಪ್ಯಾಸೆಂಜರ್" ಎಂದ. ಆಮೇಲೆ ಅವಳಿಗೆ, "ಏನೂ ಇಲ್ಲ, ಆರಾಮ ಕೂಡು."